ಎರಡು ಗಾಡಿಗಳಲ್ಲಿ ಮೀನುಮರಿ

ಆ ದಿನ ಉರಿಬಿಸಿಲಿತ್ತು ಎಂದು ಬರೆಯಹೊರಟೆ. ಮೋಡವಿತ್ತು ಅನ್ನುತ್ತಾನೆ ಅಣ್ಣ. ಇಬ್ಬರೂ ಒಪ್ಪುವುದು ಇಷ್ಟು: ಮಂಡ್ಯದ ಹತ್ತಿರದ ಮರಿಕೇಂದ್ರದಿಂದ ಮಳವಳ್ಳಿಯಾಚೆಯ ನಮ್ಮೂರ ಕೆರೆಗೆ ಮೀನುಮರಿ ಜೀವಂತ ತಲುಪಬೇಕಿತ್ತು. ಹಿಂದಿನ ವರ್ಷ ಟೆಂಪೋ ಕೆಟ್ಟು, ಅವ್ವ ತರಿಸಿದ ಮರಿಗಳೆಲ್ಲ ದಾರಿಯಲ್ಲೇ ಸತ್ತಿದ್ದವು. ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಅವಳದು. ಈ ಸಲವೂ ಕೆರೆ ಖಾಲಿಯಿದ್ದರೆ ಗುತ್ತಿಗೆ ಬೇರೆಯವರಿಗೆ ಎಂದು ಪಂಚಾಯಿತಿಯವರು ಹೇಳಿಯಾಗಿತ್ತು.

"ಒಂದೇ ಗಾಡೀಲಿ ತುಂಬಬ್ಯಾಡಿ," ಅಂದಳು ಅವ್ವ.

ಅಣ್ಣ ನಕ್ಕ. "ಮದ್ವೆ ದಿಬ್ಬಣ ಏನವ್ವ, ಎಲ್ಡು ಗಾಡಿ?"

"ದಿಬ್ಬಣ ತಡವಾದ್ರೆ ಯಾರೂ ಸಾಯಕಿಲ್ಲ ಕಣ್ಲಾ."

ಹಾಗಾಗಿ ಅಣ್ಣ ಅರ್ಧ ಮರಿಗಳೊಂದಿಗೆ ಗೂಡ್ಸ್ ಆಟೋ ಹತ್ತಿದ. ಉಳಿದರ್ಧವನ್ನು ಹೊತ್ತುಕೊಂಡು ನಾನು ಬಸ್ಸು ಹತ್ತಿದೆ. ನಾಲ್ಕು ಪ್ಲಾಸ್ಟಿಕ್ ಚೀಲ; ಮೂರಿದ್ದರೂ ಇರಬಹುದು. ಒಳಗೆ ಸ್ವಲ್ಪ ನೀರು, ಮೇಲೆಲ್ಲ ಆಮ್ಲಜನಕ, ಬೆರಳುದ್ದದ ಗೆಂಡೆಮೀನಿನ ಮರಿಗಳು.

ಕಂಡಕ್ಟರ್ ಬಗ್ಗಿ ನೋಡಿದ. "ಏನಮ್ಮ ಇದು, ವಾಸ್ನೆ ಬತ್ತದೆ."

"ಬದುಕಿರೋ ಮೀನು ವಾಸ್ನೆ ಬರಕಿಲ್ಲ ಕಣಣ್ಣ."

"ನಿಂಗೇನೋ ಟಿಕೇಟು ಬ್ಯಾಡ. ಇವುಕ್ಕೆ?"

ಹಿಂದಿನ ಸೀಟಿನ ಅಜ್ಜಿ ಎಲೆಅಡಿಕೆ ಅಗಿಯುತ್ತಲೇ ತೀರ್ಪು ಕೊಟ್ಟಳು. "ಹೆಣ್ಮೀನಿಗೆ ಫ್ರೀ. ಗಂಡ್ಮೀನು ಎಷ್ಟವೆ ನೋಡಿ ಟಿಕೇಟು ಅರಿಯಪ್ಪ."

ಮದ್ದೂರು ದಾಟಿದ ಮೇಲೆ ಅಣ್ಣನ ಫೋನು ಬಂತು. ಆಟೋದ ಆಕ್ಸಲ್ ಮುರಿದಿತ್ತು. "ಚೀಲದ ನೀರು ಬಿಸಿ ಆಯ್ತಾ ಅದೆ ಕಣೆ," ಅಂದ. ರಸ್ತೆ ಪಕ್ಕದಲ್ಲೇ ನಾಲೆ ಹರಿಯುತ್ತಿತ್ತು. ಚೀಲಗಳಿಗೆ ಹಗ್ಗ ಕಟ್ಟಿ ನಾಲೆ ನೀರಿಗೆ ಇಳಿಬಿಡು, ನೆರಳು ನೋಡಿಕೋ ಎಂದು ನಾನು ಹೇಳಿದೆ. ಇಲ್ಲ ಅನ್ನುತ್ತಾನೆ ಅಣ್ಣ; ಅವನು ಇಳಿಬಿಟ್ಟ ಮೇಲೆಯೇ ಫೋನು ಮಾಡಿದ್ದನಂತೆ. ಈ ಕಥೆ ಹೇಳಿದ ಪ್ರತಿ ಸಲವೂ ಅದರಲ್ಲಿನ ನನ್ನ ಮಾತು ಇನ್ನಷ್ಟು ಜಾಣವಾಗುತ್ತಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ನಾನು ಕೆರೆ ತಲುಪಿದಾಗ ಅವ್ವ ಮೊಣಕಾಲುದ್ದ ನೀರಲ್ಲಿ ನಿಂತು ಕಾಯುತ್ತಿದ್ದಳು. ಬಸ್ಸಿನ ಆತುರವೆಲ್ಲ ನನ್ನ ಕೈಯಲ್ಲೇ ಇತ್ತು. ಚೀಲ ಸೀಳಲು ಬ್ಲೇಡು ತೆಗೆದೆ. ಅವಳು ಮಣಿಕಟ್ಟು ಹಿಡಿದಳು.

"ತೇಲಾಕ್ ಬುಡು ಮೊದ್ಲು. ಚೀಲದ ನೀರೂ ಕೆರೆ ನೀರೂ ಒಂದೇ ತಂಪಾಗ್ಲಿ. ಇಷ್ಟು ದೂರ ಬದುಕ್ಕಂಡು ಬಂದವುನ್ನ ದಡದಲ್ಲಿ ಸಾಯಿಸ್ತೀಯ?"

ಚೀಲಗಳು ತೇಲಿದವು. ನೀರು ತಂಪಾಗುವವರೆಗೆ ಕಾದೆವು. ಆಮೇಲೆ ಅವಳೇ ಒಂದೊಂದಾಗಿ ಬಾಯಿ ಬಿಚ್ಚಿ ಓರೆ ಮಾಡಿದಳು. ಮರಿಗಳು ಮೊದಲು ಅನುಮಾನಿಸಿ, ಆಮೇಲೆ ಒಟ್ಟಿಗೇ ಹೋದವು.

ಸಂಜೆಯ ಹೊತ್ತಿಗೆ ಅಣ್ಣ ಬೇರೆ ಆಟೋದಲ್ಲಿ ಬಂದ. ಒಂದು ಚೀಲ ಸೋರಿ, ಅದರೊಳಗಿನವು ಸತ್ತಿದ್ದವು. ಉಳಿದವು ಮಿಸುಕುತ್ತಿದ್ದವು. ಅವ್ವ ಬೈಯಲಿಲ್ಲ. ಅವನ್ನೂ ಹಾಗೇ ತೇಲಿಬಿಟ್ಟು, ಕಾದು, ಬಿಚ್ಚಿದಳು. ಉಳಿದವೆಷ್ಟು ಎಂದು ಅಣ್ಣ ಕೇಳಿದ್ದಕ್ಕೆ, ಕೆರೆಯನ್ನೇ ಕೇಳು ಅಂದಳು.

ಬೆಳಿಗ್ಗೆ ಅವಳು ತವುಡು ಎರಚಿದಳು. ಏನೂ ಆಗಲಿಲ್ಲ. ಮತ್ತೊಂದು ಹಿಡಿ. ಬಹಳ ಹೊತ್ತಾಯಿತು ಎನಿಸಿತು, ಆಗಿರಲಿಕ್ಕಿಲ್ಲ. ಆಮೇಲೆ ನೀರಿನ ಮೈ ಅಲ್ಲೊಂದು ಕಡೆ ಜುಮ್ಮೆಂದಿತು, ಇಲ್ಲೊಂದು ಕಡೆ, ಕೊನೆಗೆ ತವುಡು ಬಿದ್ದಲ್ಲೆಲ್ಲ.

ಅವ್ವ ಕೈ ಕೊಡವಿಕೊಂಡು ಅಣ್ಣನ ಕಡೆ ತಿರುಗಿದಳು.

"ಓಗಿ ಪಂಚಾಯ್ತಿಯೋರ್ನ ಕರ್ಕಂಬಾ. ಬಂದು ನೋಡ್ಲಿ."