ನೀಲಿ ಕುರಿಯ ಬಾಲ

ಲಿಂಗಸುಗೂರಿನ ದನದ ದವಾಖಾನೆಯಲ್ಲಿ ನನ್ನದು ಕಂಪೌಂಡರ್ ಕೆಲಸ. ಮನೆಮಾತು ದಖನಿ ಅನ್ನೋ ಒಂದೇ ಕಾರಣಕ್ಕೆ, ಹಿಮಾಚಲಕ್ಕೆ ಕುರಿ ಸಾಕಣೆ ಪ್ರವಾಸ ಹೊರಟ ಕುರಿಗಾರರ ಜೊತೆ ನನ್ನನ್ನೂ ಕಳಿಸಿದರು, ಹಿಂದಿ ಮಾತಾಡೋಕೆ.

ಸ್ಪಿತಿಯ ರಾಷ್ಟ್ರೀಯ ಉದ್ಯಾನದಲ್ಲಿ ಇದ್ದದ್ದು ಬರೀ ಬಂಡೆ, ಮೇಲೆ ಹಿಮ. ಮಸ್ಕಿಯ ಈರಪ್ಪ ಸುತ್ತ ನೋಡಿ, "ಉದ್ಯಾನ ಅಂತಾರ, ಒಂದು ಗಿಡ ಇಲ್ಲಲ್ರೀ ಸಾಹೇಬ್ರ. ನಮ್ಮ ಗುಡ್ಡದಾಗ ಜಾಲಿನಾದ್ರೂ ಅದಾವ," ಅಂದ.

ಗೈಡ್ ದುರ್ಬೀನು ಕೊಟ್ಟು, ಎದುರಿನ ಇಳಿಜಾರಿನಲ್ಲಿ ಮೇಯುತ್ತಿದ್ದ ನೀಲಿ ಕುರಿಗಳನ್ನು ತೋರಿಸಿದ. ಹಿಮಚಿರತೆಗೆ ಅದೇ ಊಟವಂತೆ. ಈರಪ್ಪ ಬಹಳ ಹೊತ್ತು ನೋಡಿದ.

"ಇದು ನೀಲಿನೂ ಅಲ್ಲ, ಕುರಿನೂ ಅಲ್ಲ. ಬಾಲದ ಅಡಿಯಾಗ ಕೂದಲಿಲ್ಲ ನೋಡ್ರಿ, ಇದು ಆಡು. ಅವಂಗ ಹೇಳ್ರಿ."

ಆ ಬೆಟ್ಟದಲ್ಲೇ ಹುಟ್ಟಿ ಬೆಳೆದವನಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. "ಬಹಳ ಚಂದ ಇದೆ ಅಂತಾನೆ," ಅಂದೆ.

"ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ?" ಅಂತ ಗೈಡ್ ಕೇಳಿದ. ಸಿಕ್ಕಿಬಿದ್ದು ನಿಜ ಹೇಳಿದೆ. ಅವನು ಎದ್ದು ಬಂದು ಈರಪ್ಪನ ಕೈ ಕುಲುಕಿದ. ಈ ಪ್ರಾಣಿ ಆಡಿಗೇ ಹತ್ತಿರ ಅಂತ ವಿಜ್ಞಾನಿಗಳೂ ಹೇಳ್ತಾರಂತೆ.

"ಗೊತ್ತಿದ್ದೂ ಕುರಿ ಅಂತ ಯಾಕ ಕರೀತಾನ?" ಅಂದ ಈರಪ್ಪ.

ಊರಿಗೆ ಬಂದು ವರದಿಯಲ್ಲಿ ನಾನೂ ನೀಲಿ ಕುರಿ ಅಂತಲೇ ಬರೆದೆ. ಕುರಿ ಪ್ರವಾಸಕ್ಕೆ ಹೋಗಿ ಆಡು ನೋಡಿಬಂದೆವು ಅಂದರೆ ಮೇಲಿನವರು ಕಾರಣ ಕೇಳುತ್ತಾರೆ.