'ಬಿಡಿ' ಅನ್ನುವವರೆಗೂ ಬಿಡದ ಕೈ

ಬೆಳಕು ಹರಿಯುವ ಹೊತ್ತಿಗೆ ವ್ಯಾಯಾಮಶಾಲೆಯ ಬಾಗಿಲು ತೆಗೆದು ಜಿಮ್ನಾಸ್ಟಿಕ್ಸ್ ಮಿಸ್ ಮೊದಲು ಮಾಡುವ ಕೆಲಸ ಮ್ಯಾಟ್ ಒರೆಸುವುದು. ಒಂದು ಮೂಲೆಯೂ ಬಿಡುವಂತಿಲ್ಲ. ಮಕ್ಕಳು ಅಂಗೈ ಊರುವ ಜಾಗ, ಜಾರಿದರೆ ಮೂಗೇ ಮುಂದು. ಆಮೇಲೆ ಗೋಡೆಗೊರಗಿ ಕೂತು ಫ್ಲಾಸ್ಕಿನ ಚಹಾ ಕುಡಿಯುವಷ್ಟರಲ್ಲಿ ಮಕ್ಕಳ ಪಟಾಲಂ ಬಂದೇಬಿಡುತ್ತದೆ.

ಇವರ ಹೆಸರು ಕೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. 'ತಲೆಕೆಳಗು ಮಿಸ್' ಅನ್ನಿ, ಚಿಳ್ಳೆಪಿಳ್ಳೆಗಳೂ ದಾರಿ ತೋರಿಸುತ್ತವೆ. ಪದಕದ ಫೋಟೊಗಳಲ್ಲಿ ಇವರು ಇಲ್ಲ. ಗೆಲ್ಲುವ ಹೊತ್ತಿಗೆ ಮಕ್ಕಳು ದೊಡ್ಡ ಕೋಚ್‌ಗಳ ಹತ್ತಿರ ಹೋಗಿರುತ್ತಾರೆ. ಇವರ ಪಾಲಿಗೆ ಬರುವುದು ಕಾಲು ಮೇಲೆತ್ತಿ ಅಂಗೈ ಮೇಲೆ ನಿಲ್ಲಲು ಕಲಿಯುವ ಮೊದಲ ದಿನಗಳು. ಅಂದರೆ ಅಳು, ನಗು, ಆಗಾಗ ದವಡೆಗೊಂದು ಒದೆ. "ಮುಖ ಮರೆತುಹೋಗುತ್ತೆ, ಪಾದ ಮರೆಯಲ್ಲ," ಅಂತ ದವಡೆ ಸವರಿಕೊಂಡು ನಗುತ್ತಾರೆ.

ಹಿಡಿದಿದ್ದೀನಿ ಅಂತ ಹೇಳುತ್ತಲೇ ಮಗುವಿಗೆ ಗೊತ್ತಾಗದ ಹಾಗೆ ಕೈಬಿಡುವುದು ಕಲಿಸುವವರ ಹಳೇ ಉಪಾಯ. ಮಿಸ್ ಜಪ್ಪಯ್ಯ ಅಂದರೂ ಅದಕ್ಕೆ ಒಪ್ಪುವುದಿಲ್ಲ. ಮೊದಲು ಒಂದೊಂದೇ ಕಾಲು ಊರಿ ಇಳಿಯುವುದನ್ನು ಕಲಿಸುತ್ತಾರೆ, ಏರುವುದು ಆಮೇಲೆ. ಮಗು ತಾನಾಗಿ 'ಬಿಡಿ' ಅಂದರೆ ಮಾತ್ರ ಕಾಲು ಬಿಡುತ್ತಾರೆ.

ಈ ಹಟಕ್ಕೆ ಈಗ ಸತ್ವಪರೀಕ್ಷೆ. ಬೇರೆ ಕಡೆ ಆ ಹಳೇ ಉಪಾಯದಿಂದಾಗಿ ಕೆಳಗೆ ಬಿದ್ದು, ಮಣಿಕಟ್ಟು ಮುರಿದುಕೊಂಡ ಹುಡುಗಿಯೊಬ್ಬಳನ್ನು ಅವಳ ಅಜ್ಜಿ ಇಲ್ಲಿಗೆ ಕರೆತಂದಿದ್ದಾರೆ. ಮೂಳೆ ಕೂಡಿದೆ, ಭಯ ಹೋಗಿಲ್ಲ. ಕಾಲೇನೋ ಮೇಲೆತ್ತುತ್ತಾಳೆ, 'ಬಿಡಿ' ಮಾತ್ರ ಬಾಯಿಂದ ಬರದು. ಜೊತೆಗಿದ್ದವರೆಲ್ಲ ಮುಂದಿನ ಗುಂಪಿಗೆ ಹೋಗಿಯಾಯಿತು. ಮಗು ಕೊರಗುವುದನ್ನು ನೋಡಲಾಗದೆ, ಇವತ್ತೂ ಆಗದಿದ್ದರೆ ಕ್ಲಾಸಿಗೆ ಕಳಿಸುವುದೇ ಬೇಡ ಅಂತ ಅಜ್ಜಿ ತೀರ್ಮಾನಿಸಿದ್ದಾರೆ. ಹುಡುಗಿಗೋ ಈ ಹಾಲ್ ಅಂದರೆ ಪ್ರಾಣ.

ಅಂಗೈ ಊರುತ್ತಾಳೆ, ಕಾಲು ಚಿಮ್ಮುತ್ತಾಳೆ. ಮಿಸ್ ಎರಡೂ ಪಾದಗಳನ್ನು ಹಿಡಿದು ಕಾಯುತ್ತಾರೆ. ಹಳೇ ಭುಜದ ನೋವು ಜೀವ ಹಿಂಡುತ್ತಿದ್ದರೂ ಅಲ್ಲಾಡುವುದಿಲ್ಲ.

"ಅವಸರ ಇಲ್ಲ ಪುಟ್ಟಿ. ನಾನು ಇಲ್ಲೇ ಇದೀನಿ."

ಸುಮಾರು ಹೊತ್ತಾದ ಮೇಲೆ ಕೆಳಗಿನಿಂದ ಸಣ್ಣ ದನಿ ಬರುತ್ತದೆ.

"ಬಿಡಿ, ಮಿಸ್."

ಮಿಸ್ ಬೆರಳು ಬಿಡಿಸುತ್ತಾರೆ. ಪಾದಗಳು ಒಂದುಸಿರಿನಷ್ಟು ಹೊತ್ತು ತಮ್ಮಷ್ಟಕ್ಕೆ ತಾವೇ ನಿಂತು, ಓಲಾಡಿ, ಕಲಿಸಿದ ಹಾಗೇ ಒಂದೊಂದಾಗಿ ನೆಲಕ್ಕೆ ಬರುತ್ತವೆ. ಹುಡುಗಿ ಕೂದಲು ಸರಿಮಾಡಿಕೊಳ್ಳದೆ ಮತ್ತೆ ಸಾಲಿಗೆ ಓಡುತ್ತಾಳೆ.

ಬಾಗಿಲ ಬಳಿ ನಿಂತು ನೋಡುತ್ತಿದ್ದ ಅಜ್ಜಿ ಬಂದು ಮಿಸ್‌ನ ಎರಡೂ ಕೈ ಹಿಡಿದುಕೊಂಡು, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅನ್ನುತ್ತಾರೆ. ಮಿಸ್‌ನ ಕಣ್ಣೂ ತುಂಬಿಕೊಂಡಿದೆ.

"ಉಪಕಾರ ಅವಳದ್ದು, ಅಜ್ಜಿ. ಒಂದು ಸಲ ಮೋಸ ಹೋದ ಮಗು, ಆದರೂ ನಂಬಿ ನನ್ನ ಕೈಗೆ ಕಾಲು ಕೊಟ್ಟಳಲ್ಲ."