ಗುಂಬಜಿನ ಪಕ್ಕದ ದ್ರಾಕ್ಷಿ

ಹೊಸ ಫ್ಲೆಕ್ಸಿನ ವಾಸನಿ ನಿಮಗ ಗೊತ್ತೇನ್ರಿ? ಇವತ್ತ ಮುಂಜಾನೆ ಜಲನಗರದ ನಮ್ಮ ಓಣಿ ತಿರುವಿನಾಗ ಯಾರದೋ ಹುಟ್ಟುಹಬ್ಬದ ಬ್ಯಾನರ್ ಕಟ್ಟಾಕತ್ತಿದ್ರು. ಆ ರಬ್ಬರು, ಸೀಮಿಎಣ್ಣಿ ಕೂಡಿದಂಥ ವಾಸನಿ ಮೂಗಿಗಿ ಬಡೀತು ನೋಡ್ರಿ, ಗಾಡಿ ನಿಲ್ಲಿಸಿ, ಹೋದ ವರ್ಷದ್ದು ನೆನಸಿ ಒಬ್ಬನೇ ನಕ್ಕೆ. ತಮ್ಮ ನಾಯಕನ ಮೀಸಿ ನೋಡಿ ನಕ್ಕಾನ ಅಂತ ಅವರು ಕಣ್ಣ ಕೆಂಪ ಮಾಡಿದ್ರು. ಸುಮ್ನ ಗಾಡಿ ಬಿಟ್ಟೆ.

ನಾ ಗೆರಿ ಎಳದು, ಚಿತ್ರ ತಗದು ಹೊಟ್ಟಿ ಹೊರಕೊಳ್ಳೋ ಮನಿಷಾ. ಗಣಿತದ ಮಾಸ್ತರಾಗಿ ನಿವೃತ್ತಿ ಆದ ನಮ್ಮಪ್ಪ ಇದನ್ನ ಎಂದೂ ಉದ್ಯೋಗ ಅಂತ ಒಪ್ಪಿದಾವಲ್ಲ. ಯಾರರೆ ಕೇಳಿದ್ರ "ಕಂಪ್ಯೂಟರಿನಾಗ ಏನೋ ಮಾಡತಾನ್ರಿ" ಅಂದು, ಮಾತು ಬಿಸಲಿನ ಕಡೆ ಹೊರಳಸ್ತಿದ್ದ. ನಮ್ಮೂರಾಗ ಬಿಸಲಿಗೇನ ಬರ ಇಲ್ಲಲ್ಲ! ಒಂದ ಸಲ ಅಪ್ಪನ ಬಾಯಿಂದ "ಚಲೋ ತಗದಿ" ಅನಿಸಿಕೋಬೇಕು ಅನ್ನೋ ಆಸೆ, ನನ್ನ ತಲಿ ಬೆಳ್ಳಗಾದ್ರೂ ಹೋಗಿರಲಿಲ್ಲ.

ಹೋದ ವರ್ಷ ಗೆಳ್ಯಾರೆಲ್ಲ ಕೂಡಿ ನಮ್ಮೂರ ಪರಂಪರೆಯ ಹಬ್ಬ ಮಾಡೋಣ ಅಂದಾಗ, ಲಾಂಛನದಿಂದ ಬ್ಯಾನರ್ ತನಕ ಎಲ್ಲಾ ಚಿತ್ರ ನನ್ನ ಪಾಲಿಗಿ ಬಂತು. ನನಗೋ ಆಗ ಸರಳತೆಯ ಹುಚ್ಚು. ಗೋಲಗುಂಬಜ್ ಅಂದ್ರ ಒಂದು ಅರ್ಧ ವೃತ್ತ, ಕೆಳಗೊಂದು ಗೆರಿ, ಮುಗೀತು! "ಖಾಲಿ ಜಾಗಾ ಮಾತಾಡಬೇಕು" ಅಂತ ಸಭಾದಾಗ ಭಾಷಣ ಬಿಗದೆ. ಟಿಕೋಟದಾಗ ದ್ರಾಕ್ಷಿ ತೋಟ ಮಾಡಿದ ಗೆಳೆಯ ಮಲ್ಲು, "ನಮ್ಮ ದ್ರಾಕ್ಷಿ ಎಲ್ಲಿ ಹೋತಲೇ?" ಅಂದ. ಬಬಲೇಶ್ವರದವರು ಎತ್ತು ಕೇಳಿದ್ರು. ಯಾರ ಏನ ಅಂದ್ರೂ ನಾ ಜಗ್ಗಲಿಲ್ಲ.

ಮನಿಗಿ ಬಂದು ಅಪ್ಪಗ ತೋರಿಸಿದೆ. ಹಾಳಿ ತಿರುವ್ಯಾಡಿ ನೋಡಿ, "ಅರ್ಧ ವರ್ತುಲ ಬರೋಬರಿ ಐತಿ. ಗುಂಬಜ್ ಎಲ್ಲೈತೋ?" ಅಂದ. ಆವತ್ತ ನನಗ ಊಟ ಸೇರಲಿಲ್ಲ. ಆದ್ರ ಒಂದ ಗೆರಿ ಸೈತ ಬದಲಸಲಿಲ್ಲ. ಕಲಾವಿದ ಅಲ್ಲೇನ್ರಿ ನಾ!

ಹಬ್ಬದ ಹಿಂದಿನ ದಿನ ಜೋರಾಪುರ ಪೇಟೆಯಾಗ ಬ್ಯಾನರ್ ಏರಿತು. ಹೋಗಿ ನೋಡತೇನಿ, ನನ್ನ ಖಾಲಿ ಜಾಗದಾಗ ಗುಂಬಜಿನಷ್ಟ ದೊಡ್ಡ ದ್ರಾಕ್ಷಿ ಗೊಂಚಲು! ಮಲ್ಲು ಫ್ಲೆಕ್ಸ್ ಅಂಗಡ್ಯಾಗ ಕುಂತು, ಯಾವುದೋ ಜ್ಯೂಸ್ ಡಬ್ಬಿ ಮ್ಯಾಲಿನ ಚಿತ್ರ ಎತ್ತಿ ಕೂಡಿಸ್ಯಾನ. ಫೋನ್ ಹಚ್ಚಿ ಬೈದೆ. "ಜಾಗಾ ಸುಮ್ನ ಬಿದ್ದಿತ್ತಲ್ಲೋ ಯಪ್ಪಾ" ಅಂದ.

ಹರದ ಒಗೀತೇನಿ ಅಂತ ನಿಚ್ಚಣಿಕಿ ಹುಡಕಾಕತ್ತಿದ್ದೆ. ಅಷ್ಟರಾಗ ಬ್ಯಾನರಿನ ಕೆಳಗ ಅಪ್ಪನ ದನಿ ಕೇಳಿಸ್ತು. ತನ್ನ ಜೋಡಿ ಕಲಿಸಿದ ಹಳೇ ಮಾಸ್ತರಗಳನ್ನ ಕರಕೊಂಡು ಬಂದು ನಿಂತಾನ!

"ಗುಂಬಜ್ ಅಷ್ಟಕ್ಕಷ್ಟ ಬಿಡ್ರಿ. ಆ ದ್ರಾಕ್ಷಿ ನೋಡ್ರಿ, ಹರಕೊಂಡ ತಿನ್ನಬೇಕು ಅನಸ್ತೈತಿ. ನಮ್ಮ ಹುಡುಗ ತಗದಾನ."

ನಮ್ಮ ಹುಡುಗ ತಗದಾನ! ಸಿಟ್ಟು, ಸರಳತೆ, ಖಾಲಿ ಜಾಗಾ ಎಲ್ಲಾ ಗಾಳಿಗಿ ಹೋದವು. ಹಲ್ಲ ಕಿಸದು ಅಪ್ಪನ ಬಾಜೂಕ ಹೋಗಿ ನಿಂತೆ. ಮಾಸ್ತರಗಳು ಬೆನ್ನ ಚಪ್ಪರಿಸಿದ್ರು. ಅಪ್ಪ ಅಲ್ಲೇ, "ಇಂಥಾದ ಒಂದು ಮನಿಗೂ ತಗದ ಕೊಡೋ, ಪಡಸಾಲಿಯಾಗ ಹಾಕೋಣ" ಅಂದ.

ಸಿಕ್ಕೊಂಡೆ ನೋಡ್ರಿ! ಆವತ್ತಿನಿಂದ ಮಲ್ಲುನ ತೋಟದಾಗ ಬಳ್ಳಿ ಕೆಳಗ ಕುಂತು ದ್ರಾಕ್ಷಿ ತಗಿಯೋದ ಕಲಿಯಾಕತ್ತೇನಿ. ಒಂದ ಕಾಯಿ ಬೆಳಕು ಹಿಡದ್ರ ಇನ್ನೊಂದು ಗೋಲಿಗುಂಡ ಆಗತೈತಿ. ಎಷ್ಟ ಹಾಳಿ ಹರದೇನೋ ಲೆಕ್ಕ ಇಲ್ಲ.

ಕಡೀಕೂ ಇವತ್ತ ಸಂಜೀಕ ಒಂದು ಗೊಂಚಲು ನನ್ನ ಕೈಗಿ ಒಲೀತು. ಖರೇ ಹೇಳತೇನಿ, ನನ್ನ ಜೀವನದಾಗ ಇಷ್ಟ ಛಂದ ಏನೂ ತಗದಿರಲಿಲ್ಲ. ತಂದು ಅಪ್ಪನ ಮುಂದ ಇಟ್ಟೆ. ಚಷ್ಮಾ ಏರಿಸಿ, ಫೋನಿನಾಗ ಆ ಬ್ಯಾನರಿನ ಫೋಟೋ ತಗದು ಬಾಜೂಕ ಹಿಡದು ನೋಡಿದ.

"ಇದು ನಿಂದಲ್ಲ ಬಿಡೋ," ಅಂದ. "ನೀ ಆದ್ರ ಇದಕಿಂತ ಚಲೋ ತಗೀತಿ."